ಬೆಂಕಿ ಸೋಕಿಸದೆ ಉಳಿಸಿದ ಮುರುಗಲು ರಸ: ಸಕ್ಕರೆ, ಕೆಎಂಎಸ್, ಫ್ರೀಜರ್

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮುರುಗಲು (ಕೋಕಂ) ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಹಿಡಿಯುವುದರೊಳಗೆ ಒಳಗೆ ತಂದುಕೊಳ್ಳದಿದ್ದರೆ ಹಣ್ಣು ಮರದಡಿಯಲ್ಲೇ ಕೊಳೆತುಹೋಗುತ್ತದೆ. ಕುದಿಸಿ ಮಾಡಿದ ಪಾಕದಲ್ಲಿ ಪರಿಮಳ ಹೋಗಿ ಕೆಂಪು ಬಣ್ಣ ಕಂದಾಗುವುದನ್ನು ವರ್ಷವೂ ಕಂಡಿದ್ದರಿಂದ, ಒಂದೇ ಮರದ ಹಣ್ಣನ್ನು ಒಲೆಗೇರಿಸದೆ ಮೂರು ಬಗೆಯಲ್ಲಿ ಕಾಪಿಟ್ಟು ನೋಡಿದೆ.

ಮೊದಲನೆಯದು ಅಮ್ಮನಿಂದ ಕಲಿತ ಸಕ್ಕರೆಯ ಕ್ರಮ. ಹಣ್ಣನ್ನು ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿ, ಎರಡು ಹೋಳು ಮಾಡಿ ಬೀಜ ತೆಗೆದರೆ ಸಿಪ್ಪೆ ಪುಟ್ಟ ಬಟ್ಟಲಿನಂತಾಗುತ್ತದೆ. ಅದರೊಳಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಒಂದರ ಮೇಲೊಂದು ಜೋಡಿಸಬೇಕು. ಅಮ್ಮ ಭರಣಿಯನ್ನು ಅಂಗಳದ ಬಿಸಿಲಿಗಿಡುತ್ತಿದ್ದರು. ನಾನು ಜಗಲಿಯ ನೆರಳಿನಲ್ಲಿಟ್ಟೆ. ಮರುದಿನವೇ ತಳದಲ್ಲಿ ಮಾಣಿಕ್ಯದಂಥ ರಸ ಒಸರಿತ್ತು, ಆದರೆ ಸಕ್ಕರೆ ಪೂರ್ತಿ ಕರಗಲು ಎರಡು ವಾರವೇ ಬೇಕಾಯಿತು. ಇಲ್ಲಿ ಎಲ್ಲವೂ ಅಳತೆಯ ಮೇಲೆ ನಿಂತಿದೆ. ಸಿಪ್ಪೆಯ ತೂಕದಷ್ಟೇ ಸಕ್ಕರೆ ಹಾಕಿದ ಭರಣಿಯಲ್ಲಿ ಆಷಾಢದ ಹೊತ್ತಿಗೆ ನೊರೆಯೆದ್ದು ಹೆಂಡದ ವಾಸನೆ ಬಂತು. ಒಂದಕ್ಕೆ ಎರಡರಷ್ಟು ಹಾಕಿದ್ದು ದೀಪಾವಳಿಯವರೆಗೂ ಕೆಡಲಿಲ್ಲ. ಸಕ್ಕರೆಯ ಅಂಶ ನೂರಕ್ಕೆ 65ರಷ್ಟಾದರೆ ರಸದಲ್ಲಿರುವ ನೀರು ಸಕ್ಕರೆಗೇ ಕಟ್ಟುಬಿದ್ದು, ಹುದುಗು ಬರಿಸುವ ಯೀಸ್ಟ್‌ಗಳಿಗೆ ದಕ್ಕುವುದಿಲ್ಲ. ಸಕ್ಕರೆ ಕಾಯಿಲೆಯವರಿರುವ ಮನೆಗೆ ಮಾತ್ರ ಇದು ಒಗ್ಗುವಂಥದ್ದಲ್ಲ.

ಎರಡನೆಯದು ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಹುಳಿ ರಸದಲ್ಲಿ ಇದು ಸಲ್ಫರ್ ಡೈಆಕ್ಸೈಡ್ ಬಿಡುತ್ತದೆ. ಅದೇ ಸೂಕ್ಷ್ಮಜೀವಿಗಳನ್ನು ತಡೆಯುವುದು. ಕಿಲೋ ರಸಕ್ಕೆ 600 ಮಿಲಿಗ್ರಾಂ ಕೆಎಂಎಸ್ ಹಾಕಿದರೆ, ಅದು ಬಿಡುವ ಸಲ್ಫರ್ ಡೈಆಕ್ಸೈಡ್ ಸ್ಕ್ವಾಷ್‌ಗಳಿಗೆ (ನೀರು ಬೆರೆಸಿ ಕುಡಿಯುವ ಗಟ್ಟಿ ಹಣ್ಣಿನ ರಸ) ಗೊತ್ತುಮಾಡಿರುವ 350 ಪಿಪಿಎಂ, ಅಂದರೆ ಕಿಲೋಗೆ 350 ಮಿಲಿಗ್ರಾಂ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಚಮಚದ ಅಂದಾಜಿನಲ್ಲಿ ಇದನ್ನು ಹಾಕಲೇಬಾರದು. ನಾನು ಮಿಲಿಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ತೂಗಿದೆ. ರಸ ಕೆಡಲಿಲ್ಲ, ಆದರೆ ಬಣ್ಣ ಮಾಸಿತು. ಕೆಎಂಎಸ್‌ನಲ್ಲಿರುವ ಸಲ್ಫೈಟ್ ಮುರುಗಲಿನ ಕೆಂಪಿಗೆ ಕಾರಣವಾದ ಆಂಥೋಸಯಾನಿನ್‌ಗೆ ಅಂಟಿಕೊಂಡು ಅದನ್ನು ಬಿಳಿಚಿಸುತ್ತದೆ. ಆದ್ದರಿಂದಲೇ ನೇರಳೆ, ಮುರುಗಲಿನಂಥ ಬಣ್ಣದ ಹಣ್ಣುಗಳಿಗೆ ಸೋಡಿಯಂ ಬೆಂಜೋಯೇಟ್ ಎಂಬ ಇನ್ನೊಂದು ಸಂರಕ್ಷಕ ಬಳಸುವ ರೂಢಿಯಿದೆ. ನಿಂಬೆ, ಅನಾನಸ್ ರಸಕ್ಕಾದರೆ ಕೆಎಂಎಸ್ ಚೆನ್ನಾಗಿ ಹೊಂದುತ್ತದೆ. ಆಸ್ತಮಾ ಇರುವವರಿಗೆ ಸಲ್ಫೈಟ್ ಉಬ್ಬಸ ತರಿಸಬಹುದಾದ್ದರಿಂದ, ಬಂದ ನೆಂಟರಿಗೆ ಹೇಳದೆ ಕೊಡುವುದು ಸರಿಯಲ್ಲ.

ಫ್ರೀಜರ್‌ನದು ಚಿಕ್ಕ ಕಥೆ. ರುಚಿಗೂ ಬಣ್ಣಕ್ಕೂ ಇದಕ್ಕೆ ಸಾಟಿಯಿಲ್ಲ; ಹೆಪ್ಪುಗಟ್ಟುವಾಗ ನೀರು ಹಿಗ್ಗುವುದರಿಂದ ಡಬ್ಬಿಯಲ್ಲಿ ಸ್ವಲ್ಪ ಜಾಗ ಬಿಟ್ಟರಾಯಿತು. ಆದರೆ ಶೈತ್ಯ ಸೂಕ್ಷ್ಮಜೀವಿಗಳನ್ನು ಮಲಗಿಸುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ಜುಲೈನಲ್ಲಿ ಗಾಳಿಮಳೆಗೆ ಕಂಬ ಬಿದ್ದು ನಮ್ಮೂರಿಗೆ ಮೂರು ದಿನ ಕರೆಂಟು ಇರಲಿಲ್ಲ. ಕರಗಿ ಬೆಚ್ಚಗಾಗಿದ್ದ ನಾಲ್ಕು ಡಬ್ಬಿ ರಸವನ್ನು ತೆಂಗಿನ ಬುಡಕ್ಕೆ ಸುರಿಯಬೇಕಾಯಿತು.

ಮಲೆನಾಡಿನ ಮಳೆಗಾಲವನ್ನು ದಾಟಿಸಬೇಕಾದ ಮುರುಗಲಿಗೆ ನಾನು ಆರಿಸಿಕೊಳ್ಳುವುದು ಒಂದಕ್ಕೆ ಎರಡರ ಸಕ್ಕರೆಯನ್ನೇ. ಫ್ರೀಜರ್‌ನಲ್ಲಿ ಈ ಸಲ ಅಪ್ಪಯ್ಯನಿಗೆಂದು ಸಕ್ಕರೆ ಹಾಕದ ಒಂದೇ ಡಬ್ಬಿ ಇಟ್ಟಿದ್ದೇನೆ. ಮಳೆ ಜೋರಾಗುವ ಮೊದಲೇ ಅದನ್ನು ಖಾಲಿ ಮಾಡುತ್ತೇವೆ.