ತುಮಕೂರಿನ ಬೇಸಿಗೆಗೆ ಯಾವ ಥರ್ಮಲ್ ಪೇಸ್ಟ್?

ಕಂಪ್ಯೂಟರಿನ ಪ್ರೊಸೆಸರಿಗೂ ಅದರ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ಪ್ಯಾಕೆಟ್ ಮೇಲಿನ ನಂಬರ್ ನೋಡಿ ತಗೋಬೇಡಿ. ಒಂದು ಬೇಸಿಗೆ ಕಳೆದ ಮೇಲೆ ಅದು ಯಾವ ಸ್ಥಿತಿಯಲ್ಲಿರುತ್ತೆ ಅನ್ನೋದನ್ನು ನೋಡಿ ತಗೊಳ್ಳಿ. ನಾಲ್ಕು ಥರದ್ದನ್ನು ಒಂದೇ ಕಂಪ್ಯೂಟರಿಗೆ ಹಚ್ಚಿ ನೋಡಿದ ಮೇಲೆ ನಾನು ಹೇಳುವುದು ಇಷ್ಟೇ.

ನನ್ನದು ಶಿರಾ ಗೇಟ್ ಕಡೆ ಮೇಲಿನ ಮಹಡಿಯ ರೂಮು. ಎಸಿ ಇಲ್ಲ. ಏಪ್ರಿಲ್ ಮಧ್ಯಾಹ್ನ ರೂಮಿನೊಳಗೇ 34 ಡಿಗ್ರಿ ಇರುತ್ತದೆ. ಮಷೀನಿನ ಪ್ರೊಸೆಸರ್ ಎಎಂಡಿಯ ರೈಜನ್ 5 5600ಜಿ, ಜೊತೆಗೆ ಅದರದೇ ಡಬ್ಬದಲ್ಲಿ ಬಂದ ಅಲ್ಯೂಮಿನಿಯಂ ಕೂಲರ್. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಒಂದೇ ವಿಡಿಯೋ ಇಟ್ಟುಕೊಂಡು, ಪ್ರತಿ ಸಲ ಅದನ್ನೇ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಕೊನೆಯ ವಿಡಿಯೋ ಫೈಲ್ ಮಾಡುವುದಕ್ಕೆ) ಹಾಕಿ ಪ್ರೊಸೆಸರಿನ ಡಿಗ್ರಿ ನೋಡಿದೆ. ಈ ಪ್ರೊಸೆಸರ್ 95 ಡಿಗ್ರಿವರೆಗೆ ತಡೆಯುತ್ತದೆ. ಅದರ ಹತ್ತಿರ ಹೋದರೆ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ, ರೆಂಡರ್ ಎಳೆಯುತ್ತದೆ.

ಪೇಸ್ಟ್ ಯಾಕೆ ಬೇಕು? ಪ್ರೊಸೆಸರಿನ ಲೋಹದ ಮುಚ್ಚಳ, ಕೂಲರ್ ತಳ ಎರಡೂ ಕಣ್ಣಿಗೆ ನುಣುಪು. ಆದರೆ ಒಂದರ ಮೇಲೊಂದು ಇಟ್ಟರೆ ನಡುವೆ ಸಣ್ಣ ಸಣ್ಣ ಸಂದು ಉಳಿದು ಗಾಳಿ ತುಂಬಿಕೊಳ್ಳುತ್ತದೆ. ಶಾಖ ದಾಟಿಸುವ ಲೆಕ್ಕದಲ್ಲಿ (ಪ್ಯಾಕೆಟ್ ಮೇಲಿನ ನಂಬರ್ ಇದೇ) ಗಾಳಿಗೆ ಬರೀ 0.026, ಅಲ್ಯೂಮಿನಿಯಂಗೆ 200ಕ್ಕಿಂತ ಜಾಸ್ತಿ. ಒಳ್ಳೆ ಪೇಸ್ಟ್ 8ರ ಆಸುಪಾಸು. ಅಂದರೆ ಗಾಳಿಗಿಂತ 300 ಪಟ್ಟು ವಾಸಿ, ಲೋಹದ ಮುಂದೆ ಏನೂ ಅಲ್ಲ. ಅದಕ್ಕೇ ಸಂದು ತುಂಬುವಷ್ಟು ಮಾತ್ರ ಹಾಕಬೇಕು, ದಪ್ಪ ಬಳಿಯಬಾರದು.

ಅಂಗಡಿಯಲ್ಲಿ ಚಿಕ್ಕ ಡಬ್ಬಿಯಲ್ಲಿ ಸಿಗುವ ಬಿಳಿ ಪೇಸ್ಟ್ ಮೊದಲು. ರಿಪೇರಿಯವರು ಸಾಮಾನ್ಯವಾಗಿ ಹಚ್ಚೋದು ಇದನ್ನೇ. ತುಂಬಾ ಅಗ್ಗ. ಹಚ್ಚಿದ ದಿನ 84 ಡಿಗ್ರಿ ತೋರಿಸಿತು, ಪರವಾಗಿಲ್ಲ ಅನ್ನಿಸಿತು. ಮುಂದಿನ ಬೇಸಿಗೆ ಹೊತ್ತಿಗೆ 91. ಬಿಚ್ಚಿ ನೋಡಿದರೆ ಅಂಚಿನಲ್ಲಿ ಎಣ್ಣೆ ಜಿನುಗಿ ನಿಂತಿದೆ, ನಡುವಿನದು ಹಳೇ ಗೋಡೆಯ ಸುಣ್ಣದ ಹಾಗೆ ಉದುರುತ್ತಿದೆ. ಒಂದು ಎಚ್ಚರ: ಹೀಗೆ ಒಣಗಿದ ಪೇಸ್ಟ್ ಇರುವ ಎಎಂ4 (ನನ್ನ ರೈಜನ್ ಕೂರುವ ಸಾಕೆಟ್) ಬೋರ್ಡಿನಲ್ಲಿ ಕೂಲರ್ ಸೀದಾ ಮೇಲಕ್ಕೆ ಕಿತ್ತರೆ, ಪ್ರೊಸೆಸರೂ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಎದ್ದು ಬರುತ್ತದೆ. ಪಿನ್ ಬಾಗಿದರೆ ಮುಗೀತು. ಹತ್ತು ನಿಮಿಷ ಮಷೀನ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಿ.

ಆಮೇಲೆ ಆರ್ಕ್ಟಿಕ್ ಎಂಎಕ್ಸ್-4. ಸಿರಿಂಜಿನಲ್ಲಿ ಬರುವ ಬೂದು ಬಣ್ಣದ ಪೇಸ್ಟ್. ಇದರಲ್ಲಿ ಲೋಹ ಇಲ್ಲ, ಇಂಗಾಲದ ಕಣ ಇದೆ. ಕರೆಂಟ್ ಹರಿಸುವುದಿಲ್ಲ, ಹಾಗಾಗಿ ಸ್ವಲ್ಪ ಆಚೆ ಬಂದರೂ ಭಯ ಇಲ್ಲ. ನಡುವೆ ಒಂದು ಅವರೆಕಾಳಿನಷ್ಟು ಇಟ್ಟು, ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರೆ ತಾನೇ ಹರಡಿಕೊಳ್ಳುತ್ತದೆ. 78 ಡಿಗ್ರಿ. ವರ್ಷ ಕಳೆದ ಮೇಲೆ 79. ಅಷ್ಟೇ ವ್ಯತ್ಯಾಸ!

ಥರ್ಮಲ್ ಗ್ರಿಜ್ಲಿಯ ಕ್ರಯೋನಾಟ್ ಬಗ್ಗೆ ಗೇಮರ್‌ಗಳು ಬಹಳ ಹೊಗಳುತ್ತಾರೆ. ನಂಬರ್ 12.5, ಎಂಎಕ್ಸ್-4ದು 8.5. ಕಾಗದದ ಮೇಲೆ ಒಂದೂವರೆ ಪಟ್ಟು ಹತ್ತಿರ. ನನಗೆ ಸಿಕ್ಕಿದ್ದು 77 ಡಿಗ್ರಿ, ಅಂದರೆ ಒಂದೇ ಡಿಗ್ರಿ ಲಾಭ. ಈ ಪುಟ್ಟ ಕೂಲರ್ ಬಿಸಿಯನ್ನು ಹೊರಗೆ ಹಾಕುವ ವೇಗವೇ ಅಷ್ಟು, ಪೇಸ್ಟ್ ಏನು ಮಾಡೀತು? ಇದರ ಒಂದು ಗ್ರಾಮಿಗೆ ಕೊಟ್ಟ ದುಡ್ಡಿನಲ್ಲಿ ಎಂಎಕ್ಸ್-4 ನಾಲ್ಕು ಗ್ರಾಂ ಬರುತ್ತಿತ್ತು. ಮೇಲಾಗಿ 80 ಡಿಗ್ರಿ ದಾಟಿದರೆ ಬೇಗ ಒಣಗುವ ಪೇಸ್ಟ್ ಇದು. ನಮ್ಮ ರೂಮಿಗೆ ಇದು ಸುಮ್ನೆ ಖರ್ಚು.

ನನಗೆ ಮಜಾ ಕೊಟ್ಟಿದ್ದು ಹನಿವೆಲ್ ಪಿಟಿಎಂ7950. ಇದು ಪೇಸ್ಟ್ ಅಲ್ಲ, ಕಾಲು ಮಿಲಿಮೀಟರ್ ದಪ್ಪದ ಹಾಳೆ. ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಸಂದುಗಳಿಗೆ ಇಳಿಯುತ್ತದೆ, ತಣ್ಣಗಾದರೆ ಮತ್ತೆ ಗಟ್ಟಿ. ಎರಡೂ ಕಡೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಬಿಸಿಲಿನ ಹೊತ್ತಲ್ಲಿ ಬಿಡಿಸಲು ಹೋದರೆ ಹಾಳೆಯೇ ಮೂಲೆಯಲ್ಲಿ ಹರಿದು ಪೊರೆಯ ಜೊತೆ ಎದ್ದು ಬರುತ್ತದೆ. ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು, ಮೂಲೆಗೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿ ಎಳೆದರೆ ಪೊರೆ ಮಾತ್ರ ನೀಟಾಗಿ ಬರುತ್ತದೆ. ಮೊದಲ ದಿನ 81 ಇತ್ತು. ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ 78ಕ್ಕೆ ಬಂದು ನಿಂತಿತು. ಡೆಸ್ಕ್‌ಟಾಪಿಗೆ ಇಷ್ಟು ತಾಪತ್ರಯ ಬೇಕಿಲ್ಲ, ಎಂಎಕ್ಸ್-4 ಸಾಕು.

ಲ್ಯಾಪ್‌ಟಾಪ್ ಮಾತು ಬೇರೆ. ಅಲ್ಲಿ ಪ್ರೊಸೆಸರಿಗೆ ಮುಚ್ಚಳವೇ ಇಲ್ಲ, ಬರೀ ಚಿಪ್. ಬಿಸಿ-ತಣ್ಣಗೆ ಆಗುತ್ತಾ ಇದ್ದರೆ ಪೇಸ್ಟ್ ಸ್ವಲ್ಪ ಸ್ವಲ್ಪವೇ ಅಂಚಿಗೆ ಸರಿದು ನಡುಭಾಗ ಖಾಲಿಯಾಗುತ್ತದೆ. ತಂಗಿಯ ಲ್ಯಾಪ್‌ಟಾಪಿಗೆ ಎಂಎಕ್ಸ್-4 ಹಾಕಿದಾಗ ಆರು ತಿಂಗಳಲ್ಲೇ ಫ್ಯಾನ್ ಮತ್ತೆ ಕೂಗಲು ಶುರುವಾಗಿತ್ತು. ಈಗ ಪಿಟಿಎಂ ಇದೆ, ಅವಳು ಆ ಸುದ್ದಿಯನ್ನೇ ಎತ್ತಿಲ್ಲ.

ಪೇಸ್ಟ್ ಬದಲು ಹಚ್ಚುವ ದ್ರವ ಲೋಹ, ಅಂದರೆ ಲಿಕ್ವಿಡ್ ಮೆಟಲ್ ಯಾಕೆ ಹಾಕಿಲ್ಲ ಅಂತ ಗೆಳೆಯರು ಕೇಳುತ್ತಾರೆ. ಪ್ಲೇಸ್ಟೇಷನ್ 5ರಲ್ಲಿ ಸೋನಿಯವರು ಹಾಕಿದ್ದಾರೆ, ನಿಜ. ಆದರೆ ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ನನ್ನ ಕೂಲರ್ ತಳ ಅಲ್ಯೂಮಿನಿಯಂದೇ. ಕರೆಂಟೂ ಹರಿಸುತ್ತದೆ. ಒಂದು ಹನಿ ಬೋರ್ಡ್ ಮೇಲೆ ಬಿದ್ದರೆ ಮದುವೆ ಸೀಸನ್ ಅಲ್ಲಿಗೇ ಖಲಾಸ್.

ಎಂಎಕ್ಸ್-4, ಪಿಟಿಎಂ ಎರಡಕ್ಕೂ ನಕಲಿ ಜಾಸ್ತಿ, ತೀರಾ ಅಗ್ಗಕ್ಕೆ ಕೊಟ್ಟರೆ ಬಿಟ್ಟುಬಿಡಿ. ಹಳೇ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಬೇಡ, ಅದರ ಅಂಟು ಅಲ್ಲೇ ಉಳಿಯುತ್ತದೆ.