ಸ್ಯಾಟರ್ನ್, ಪ್ಲಿಮತ್ ನಿಯಾನ್, ಹೋಂಡಾ ಸಿವಿಕ್: ಒಂದೇ ಮನೆಯ ಮೂರು ಕಾರು

2000ದ ಬೇಸಿಗೆಯಿಂದ ಮೂರು ವರ್ಷ ಒಹಾಯೊದ ಕೊಲಂಬಸ್‌ನಲ್ಲಿ ನಾವು ಮೂವರು ಕನ್ನಡಿಗರು ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಹುಬ್ಬಳ್ಳಿಯವನ ಹತ್ತಿರ ಹೋಂಡಾ ಸಿವಿಕ್. ದಾವಣಗೆರೆಯವನ ಹತ್ತಿರ ಪ್ಲಿಮತ್ ನಿಯಾನ್. ನನ್ನದು ಸ್ಯಾಟರ್ನ್ ಎಸ್‌ಎಲ್2. ಮೂರೂ ನಾಲ್ಕು ಬಾಗಿಲಿನ ಸಣ್ಣ ಕಾರು, ಮೂರೂ ಆಟೊಮ್ಯಾಟಿಕ್. ಪಾರ್ಕಿಂಗ್‌ನಲ್ಲಿ ಯಾವ ಕಾರು ಈಚೆ ನಿಂತಿದೆಯೋ ಅದರ ಕೀ ತಗೊಂಡು ಹೊರಡುವುದು ನಮ್ಮ ರೂಢಿ. ಹೀಗಾಗಿ ಮೂರನ್ನೂ ಸಾವಿರಾರು ಮೈಲಿ ಓಡಿಸಿದ್ದೇನೆ.

ಈಗ ಪ್ಲಿಮತ್ ಇಲ್ಲ, ಸ್ಯಾಟರ್ನೂ ಇಲ್ಲ. ಸಿವಿಕ್ ಇನ್ನೂ ಬರುತ್ತಿದೆ. ಬರೀ ಓಡಿಸುವ ಸುಖ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಸ್ಯಾಟರ್ನ್ ಹೋದದ್ದು ನನಗೆ ಇವತ್ತಿಗೂ ಬೇಜಾರು. ಅದಕ್ಕೆ ಕಾರಣ ಕೊಳ್ಳುವ ದಿನದಿಂದಲೇ ಶುರುವಾಗುತ್ತದೆ.

ನಾನು ಮೊದಲು ಹೋದದ್ದು ಬೇರೊಂದು ಕಾರಿನ ಅಂಗಡಿಗೆ. ನಾಲ್ಕು ಗಂಟೆ ಕೂರಿಸಿದರು. ಸೇಲ್ಸ್‌ನವನು ಒಂದು ಬೆಲೆ ಬರೆಯುತ್ತಾನೆ, "ಮ್ಯಾನೇಜರನ್ನ ಕೇಳಿ ಬರ್ತೀನಿ" ಅಂತ ಎದ್ದು ಹೋಗುತ್ತಾನೆ, ಬಂದು ಇನ್ನೊಂದು ಬರೆಯುತ್ತಾನೆ. ತರಕಾರಿ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಬೆಳೆದವನು ನಾನು. ಆದರೆ ಅಲ್ಲಿ ಬದನೆಕಾಯಿಯ ಬೆಲೆ ಎಷ್ಟಿರಬೇಕು ಅಂತ ನನಗೆ ಗೊತ್ತಿತ್ತು. ಇಲ್ಲಿ ಸಾಲ, ಬಡ್ಡಿ, ವಾರಂಟಿ ಎಲ್ಲಾ ಹೊಸದು. ಕೊನೆಗೆ ಎದ್ದು ಬಂದೆ.

ಮರುವಾರ ಸ್ಯಾಟರ್ನ್ ಅಂಗಡಿಗೆ ಹೋದೆ. ಗಾಜಿನ ಮೇಲೆ ಅಂಟಿಸಿದ ಬೆಲೆಯೇ ಬೆಲೆ. ಒಂದು ಡಾಲರ್ ಇಳಿಸುವುದಿಲ್ಲ, ಏರಿಸುವುದೂ ಇಲ್ಲ. ನನ್ನ ಮುಂದೆ ನಿಂತ ಡಾಕ್ಟರಿಗೂ ಅದೇ ಬೆಲೆ, ಬಂದು ವರ್ಷವಾಗದ ನನಗೂ ಅದೇ ಬೆಲೆ. 30 ದಿನ ಅಥವಾ 1,500 ಮೈಲಿಯೊಳಗೆ ಇಷ್ಟವಾಗದಿದ್ದರೆ ವಾಪಸ್ ತನ್ನಿ ಅಂದರು. ಕೀ ಕೊಡುವ ದಿನ ಅಂಗಡಿಯಲ್ಲಿ ಇದ್ದವರೆಲ್ಲ ಕೆಲಸ ಬಿಟ್ಟು ಕಾರಿನ ಸುತ್ತ ನಿಂತು ಚಪ್ಪಾಳೆ ತಟ್ಟಿ, ಫೋಟೊ ತೆಗೆದು ಕೈಗಿತ್ತರು. ಇದು ಸ್ಯಾಟರ್ನ್ ಅಂಗಡಿಗಳಲ್ಲಿ ಎಲ್ಲ ಗಿರಾಕಿಗೂ ಮಾಡುತ್ತಿದ್ದ ಶಾಸ್ತ್ರ. ಎಲ್ಲರಿಗೂ ಮಾಡುತ್ತಾರೆ ಅಂತ ಗೊತ್ತಾದ ಮೇಲೂ ಅದರ ಬೆಲೆ ನನಗೆ ಕಡಿಮೆಯಾಗಲಿಲ್ಲ. ಮದುವೆ ಮನೆಯಲ್ಲಿ ಎಲ್ಲರಿಗೂ ಆರತಿ ಎತ್ತುತ್ತಾರೆ, ಅಲ್ವಾ?

ಮನೆಗೆ ತಂದ ದಿನ ಹುಬ್ಬಳ್ಳಿಯವನು ಬಾಗಿಲು ಬಡಿದು ನೋಡಿ, "ಏನಪಾ ಇದು, ಪ್ಲಾಸ್ಟಿಕ್ ಬಕೆಟ್ಟೇನು?" ಅಂದ. ಅವನು ಹೇಳಿದ್ದು ಸರಿ. ನನ್ನ ಎಸ್‌ಎಲ್2 ಸೇರಿದ ಎಸ್-ಸೀರೀಸ್ ಸ್ಯಾಟರ್ನ್‌ಗಳ ಬಾಗಿಲು, ಪಕ್ಕದ ಫೆಂಡರ್, ಬಂಪರ್‌ಗಳೆಲ್ಲ ಪಾಲಿಮರ್. ಬಾನೆಟ್, ಮೇಲ್ಛಾವಣಿ, ಡಿಕ್ಕಿ ಮುಚ್ಚಳ ಮಾತ್ರ ಉಕ್ಕು. ಒಳಗೆ ಉಕ್ಕಿನ ಅಸ್ಥಿಪಂಜರ, ಹೊರಗೆ ಈ ಚರ್ಮ. ದಿನಸಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಒಮ್ಮೆ ಗಾಳಿಗೆ ತಳ್ಳುಗಾಡಿ ಉರುಳಿ ಬಂದು ಬಾಗಿಲಿಗೆ ಗುದ್ದಿತು. ಬಾಗಿಲು ಒಳಗೆ ಹೋಗಿ ಹೊರಗೆ ಬಂತು. ಸಣ್ಣ ಗೀರು ಬಿಟ್ಟರೆ ಏನಿಲ್ಲ. ಅದೇ ಚಳಿಗಾಲ ಸಿವಿಕ್‌ಗೂ ಹೀಗೇ ಆಯಿತು. ಅಂಗೈ ಅಗಲ ನೆಗ್ಗು ಬಿತ್ತು. ಒಹಾಯೊದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ತಗಡಿನ ಕಾರುಗಳ ಚಕ್ರದ ಮೇಲ್ಭಾಗ ಕೆಲವೇ ವರ್ಷಕ್ಕೆ ತುಕ್ಕು ಹಿಡಿಯುವುದು ಅಲ್ಲಿ ಎಲ್ಲರೂ ಕಂಡದ್ದೇ. ಸ್ಯಾಟರ್ನ್‌ನ ಪಕ್ಕಗಳಿಗೆ ಆ ಚಿಂತೆ ಇಲ್ಲ. ಒಂದು ವಿಷಯ ಮಾತ್ರ: ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು ಅಂತ ಹಲಗೆಗಳ ನಡುವೆ ಸಂದು ಅಗಲವಾಗಿ ಬಿಟ್ಟಿರುತ್ತಾರೆ. ಸಿವಿಕ್ ಪಕ್ಕ ನಿಲ್ಲಿಸಿದರೆ ಅದು ಕಣ್ಣಿಗೆ ಕಾಣುತ್ತದೆ.

ಓಡಿಸುವ ವಿಷಯಕ್ಕೆ ಬರೋಣ. ನಮಗೆ ಒಂದು ಒಳ್ಳೆಯ ಪರೀಕ್ಷೆಯ ದಾರಿ ಸಿಕ್ಕಿತ್ತು. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಕೊಲಂಬಸ್‌ನಿಂದ ಮೂರು ಗಂಟೆ ದಾರಿ. ಮೊದಲು ಸಪಾಟು, ವೀಲಿಂಗ್ ಎಂಬ ಊರಿನ ಹತ್ತಿರ ಬಂದ ಹಾಗೆ ಗುಡ್ಡ. ಮೂರು ಕಾರಲ್ಲೂ ಹೋಗಿದ್ದೇವೆ, ನಾಲ್ಕು ಜನ, ಡಿಕ್ಕಿಯಲ್ಲಿ ಪುಳಿಯೋಗರೆ ಡಬ್ಬಿ ಸಹಿತ.

ಕಾಗದದ ಮೇಲೆ ನಿಯಾನ್ ಮುಂದೆ. 2 ಲೀಟರ್ ಎಂಜಿನ್, 132 ಅಶ್ವಶಕ್ತಿ. ಸ್ಯಾಟರ್ನ್‌ನ 1.9 ಲೀಟರ್ ಎಂಜಿನ್‌ಗೆ 124. ಸಿವಿಕ್ ಎಲ್‌ಎಕ್ಸ್‌ಗೆ 1.6 ಲೀಟರ್, ಬರೀ 106. ಸಿಗ್ನಲ್‌ನಿಂದ ಹೊರಡುವಾಗ ನಿಯಾನ್ ನಿಜವಾಗಿ ಹಾರುತ್ತಿತ್ತು. ಆದರೆ ಅದರ ಆಟೊಮ್ಯಾಟಿಕ್‌ಗೆ ಮೂರೇ ಗೇರ್. ಉಳಿದೆರಡಕ್ಕೂ ನಾಲ್ಕು. ಹೆದ್ದಾರಿಯಲ್ಲಿ 70 ಮೈಲಿ ವೇಗಕ್ಕೆ ಬಂದ ಮೇಲೆ ಇನ್ನೊಂದು ಗೇರ್ ಇದ್ದಿದ್ದರೆ ಅಂತ ಎಡಬಿಡದೆ ಅನ್ನಿಸುತ್ತದೆ. ಹಿಂದೆ ಕೂತವರ ಮಾತು ಕೇಳಿಸಲು ಕ್ಯಾಸೆಟ್ ನಿಲ್ಲಿಸಬೇಕು. ಸ್ಯಾಟರ್ನ್ ಸಪಾಟು ರಸ್ತೆಯಲ್ಲಿ ಆರಾಮ, ಏರಿನಲ್ಲಿ ಎಂಜಿನ್ ತನ್ನ ಶ್ರಮವನ್ನೆಲ್ಲ ಹೇಳಿಕೊಳ್ಳುತ್ತದೆ. ಶಕ್ತಿ ಇದೆ, ನಯ ಕಡಿಮೆ. ಸಿವಿಕ್ ಮೂರರಲ್ಲಿ ದುರ್ಬಲ. ಆದರೆ ಏರು ಮುಗಿದದ್ದೇ ಗೊತ್ತಾಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಶನ್ (ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿಯುವ ಏರ್ಪಾಡು) ಇದ್ದ ಕಾಲದ ಸಿವಿಕ್ ಅದು. ತಿರುವಿನಲ್ಲಿ ಸ್ಟೀರಿಂಗ್ ಕೈಗೆ ರಸ್ತೆಯ ಸುದ್ದಿ ತಲುಪಿಸುತ್ತಿತ್ತು. ಪೆಟ್ರೋಲ್ ಲೆಕ್ಕದಲ್ಲೂ ಸಿವಿಕ್ ಮೊದಲು, ಸ್ಯಾಟರ್ನ್ ಗ್ಯಾಲನ್ನಿಗೆ ಎರಡು ಮೂರು ಮೈಲಿ ಹಿಂದೆ, ನಿಯಾನ್ ಕೊನೆ.

ಸೀಟು? ಉದ್ದ ಪ್ರಯಾಣಕ್ಕೆ ನಿಯಾನ್ ಒಳಗೆ ಜಾಗ ಜಾಸ್ತಿ, ಅದು ಅದರ ಗೆಲುವು.

ರಿಪೇರಿ ವಿಷಯದಲ್ಲಿ ನನಗೆ ಸ್ಯಾಟರ್ನ್ ಇಷ್ಟ. ಎಂಜಿನ್ನಿನ ಕವಾಟಗಳನ್ನು ತಾಳಕ್ಕೆ ತೆರೆದು ಮುಚ್ಚಿಸಲು ಟೈಮಿಂಗ್ ಚೈನ್ ಇದೆ. ಸಿವಿಕ್‌ದು, ನಿಯಾನ್‌ದು ಬೆಲ್ಟ್, ಲಕ್ಷ ಮೈಲಿ ಆಸುಪಾಸಿಗೆ ಬದಲಿಸಲೇಬೇಕು. ಸ್ಯಾಟರ್ನ್ ಗೇರ್‌ಬಾಕ್ಸಿನ ಫಿಲ್ಟರ್ ಕೂಡ ಎಂಜಿನ್ ಆಯಿಲ್ ಫಿಲ್ಟರಿನ ಹಾಗೆ ಹೊರಗೇ ಇರುತ್ತದೆ, ತಿರುಗಿಸಿ ತೆಗೆದರೆ ಆಯಿತು. ಮಾಲೀಕರೆಲ್ಲರಿಗೂ ಗೊತ್ತಿರುವ ಒಂದು ಮಾತೂ ಇದೆ: ವಯಸ್ಸಾದ ಮೇಲೆ ಈ ಎಂಜಿನ್‌ಗಳು ಆಯಿಲ್ ಕುಡಿಯುತ್ತವೆ. ಪೆಟ್ರೋಲ್ ಹಾಕಿಸಿದಾಗೆಲ್ಲ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ಎಳೆದು ನೋಡುವವನ ಕಾರು ಎರಡು ಲಕ್ಷ ಮೈಲಿ ದಾಟುತ್ತದೆ. ನೋಡದವನದು ದಾಟುವುದಿಲ್ಲ. ಈಗ ಎಲ್ಲಾದರೂ ಹಳೆಯದೊಂದು ಸಿಕ್ಕರೆ ಮೊದಲು ಅದನ್ನೇ ನೋಡಿ.

ಒಂದು ಸಂಜೆ ಮೂರೂ ಕಾರಿನ ಮೇಲೆ ಕಂಪನಿ ಹಾಕಿದ ಗುರುತಿನ ನಂಬರು ಓದಿ ನೋಡಿದೆವು. ಮೂರೂ 1ರಿಂದ ಶುರು, ಅಂದರೆ ಅಮೆರಿಕದಲ್ಲೇ ತಯಾರಾದವು. ನಾವು "ಜಪಾನಿ ಕಾರು" ಅನ್ನುತ್ತಿದ್ದ ಸಿವಿಕ್, ನಮ್ಮ ಮನೆಯಿಂದ ಒಂದು ಗಂಟೆ ದೂರದ ಈಸ್ಟ್ ಲಿಬರ್ಟಿಯದು. ನಿಯಾನ್ ಇಲಿನಾಯ್ ರಾಜ್ಯದ ಬೆಲ್ವಿಡೀರ್‌ನದು. ನನ್ನದು ಟೆನೆಸಿಯ ಸ್ಪ್ರಿಂಗ್ ಹಿಲ್.

ಸ್ಪ್ರಿಂಗ್ ಹಿಲ್‌ಗೆ ನಾನು ಹೋಗಿ ಬಂದೆ. ನ್ಯಾಶ್‌ವಿಲ್ ಗಣೇಶ ದೇವಸ್ಥಾನಕ್ಕೆ ಹೋದಾಗ ಅಲ್ಲಿಂದ ದೂರವೇನಿಲ್ಲ ಅಂತ ಕಾರು ತಿರುಗಿಸಿದೆ. ಕಾರ್ಖಾನೆ ರಸ್ತೆಗೆ ಕಾಣದ ಹಾಗೆ ಮಣ್ಣಿನ ದಿಬ್ಬ ಎಬ್ಬಿಸಿ, ಸುತ್ತ ಹೊಲ ಹಾಗೇ ಬಿಟ್ಟಿದ್ದರು. ಜನರಲ್ ಮೋಟರ್ಸ್‌ನಂಥ ದೈತ್ಯ ಕಂಪನಿ ಇಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಲು ಹೊರಟಿತ್ತು. 1985ರ ಜನವರಿಯಲ್ಲಿ ಅಧ್ಯಕ್ಷ ರೋಜರ್ ಸ್ಮಿತ್ ಸ್ಯಾಟರ್ನ್ ಎಂಬ ಬೇರೆಯೇ ಕಂಪನಿ ಕಟ್ಟುತ್ತೇವೆ ಎಂದು ಸಾರಿದ. ಚಂದ್ರನಿಗೆ ಮನುಷ್ಯರನ್ನು ಕಳಿಸಿದ ರಾಕೆಟ್ಟಿನ ಹೆಸರು ಅದು. ಗುರಿ ಸಿವಿಕ್, ಕರೋಲಾದಂಥ ಕಾರುಗಳೇ. ಕಾರ್ಮಿಕ ಸಂಘದ ಜೊತೆಗೂ ಬೇರೆ ಒಪ್ಪಂದ. ಕೆಲಸಗಾರರು ತಂಡ ಕಟ್ಟಿಕೊಂಡು ನಿರ್ಧಾರದಲ್ಲಿ ಪಾಲು ಪಡೆಯುತ್ತಿದ್ದರು, ಸಂಬಳದ ಒಂದು ಭಾಗ ಗುಣಮಟ್ಟಕ್ಕೆ ಕಟ್ಟಿಕೊಂಡಿತ್ತು. 1990ರ ಜುಲೈ 30ರಂದು ಮೊದಲ ಕಾರು ಹೊರಬಂದಾಗ ಅದರಲ್ಲಿ ಸ್ಮಿತ್ ಮತ್ತು ಕಾರ್ಮಿಕ ಸಂಘದ ಅಧ್ಯಕ್ಷ ಓವೆನ್ ಬೀಬರ್ ಇಬ್ಬರೂ ಕೂತಿದ್ದರು.

1991ರಲ್ಲಿ ಎಂಜಿನ್ ತಂಪಾಗಿಸುವ ಕೂಲೆಂಟ್ ಕೆಟ್ಟದ್ದು ಬಂದು ಎಂಜಿನ್‌ಗಳು ಹಾಳಾಗುತ್ತವೆ ಅಂತ ಗೊತ್ತಾದಾಗ, ಸುಮಾರು 1,800 ಗಿರಾಕಿಗಳಿಗೆ ಎಂಜಿನ್ ಅಲ್ಲ, ಇಡೀ ಕಾರನ್ನೇ ಬದಲಿಸಿ ಕೊಟ್ಟರು. 1994ರಲ್ಲಿ 2.86 ಲಕ್ಷ ಕಾರು ಮಾರಾಟವಾಯಿತು. ಅದೇ ವರ್ಷ ಮಾಲೀಕರನ್ನೆಲ್ಲ ಸ್ಪ್ರಿಂಗ್ ಹಿಲ್‌ಗೆ ಕರೆದರು. ತವರಿಗೆ ಬರುವ ಹಾಗೆ 40 ಸಾವಿರಕ್ಕೂ ಹೆಚ್ಚು ಜನ ಬಂದರು. ಕಾರ್ಖಾನೆ ನೋಡಲು ಜಾತ್ರೆ ಸೇರುವುದು ನಾನು ಬೇರೆ ಯಾವ ಕಾರಿಗೂ ಕೇಳಿಲ್ಲ.

ಪ್ಲಿಮತ್ ಕಥೆ ಇನ್ನೂ ಹಳೆಯದು. 1928ರಲ್ಲಿ ವಾಲ್ಟರ್ ಕ್ರೈಸ್ಲರ್ ಫೋರ್ಡ್, ಶೆವ್ರೊಲೆಗೆ ಎದುರಾಗಿ ಕಡಿಮೆ ಬೆಲೆಗೆ ತಂದ ಹೆಸರು. ನಮ್ಮ ತಾತಂದಿರ ಕಾಲದವರಿಗೂ ಗೊತ್ತಿತ್ತು. ಮುಂಬೈನ ಪ್ರೀಮಿಯರ್ ಕಂಪನಿ 1940ರ ದಶಕದ ಕೊನೆಯಲ್ಲಿ ಪ್ಲಿಮತ್ ಕಾರು ಜೋಡಿಸುತ್ತಿತ್ತು. ಆದರೆ ದಾವಣಗೆರೆಯವನ ನಿಯಾನ್ ಹೊತ್ತಿಗೆ ಆ ಹೆಸರಿನೊಳಗೆ ಏನೂ ಉಳಿದಿರಲಿಲ್ಲ. ಕ್ರೈಸ್ಲರ್‌ನದೇ ಇನ್ನೊಂದು ಹೆಸರಾದ ಡಾಜ್‌ನ ನಿಯಾನ್, ಪ್ಲಿಮತ್ ನಿಯಾನ್ ಎರಡೂ ಒಂದೇ ಕಾರು. ಬ್ಯಾಡ್ಜ್ ಕಿತ್ತರೆ ಯಾವುದು ಯಾವುದು ಅಂತ ಹೇಳಲಾಗದು. ಹಾಗಿದ್ದ ಮೇಲೆ ಎರಡು ಹೆಸರು ಯಾಕೆ? 2001ರ ಜೂನ್‌ನಲ್ಲಿ ಕೊನೆಯ ಪ್ಲಿಮತ್ ಹೊರಬಂತು. ಅದೂ ನಿಯಾನೇ. ಆ ಸುದ್ದಿ ಓದಿ ದಾವಣಗೆರೆಯವನು ತನ್ನ ಕಾರಿನ ಬೆಲೆ ಇಳಿಯುತ್ತದಲ್ಲ ಅಂತ ಪೇಚಾಡಿದ, ಅಷ್ಟೇ. ಪ್ಲಿಮತ್‌ಗಾಗಿ ನಮ್ಮಲ್ಲಿ ಯಾರೂ ಮರುಗಲಿಲ್ಲ.

ಸ್ಯಾಟರ್ನ್‌ಗೂ ಅದೇ ಗತಿ ಬಂದದ್ದು ನನಗೆ ನೋವು. 1991ರಿಂದ 2002ರವರೆಗೆ ಎಸ್-ಸೀರೀಸ್‌ನ ಹೊರ ರೂಪ, ಒಳ ರೂಪ ಬದಲಿಸಿದರೇ ಹೊರತು ಬುಡದಿಂದ ಹೊಸ ಕಾರು ಕೊಡಲಿಲ್ಲ. ಅಷ್ಟರಲ್ಲಿ ಸಿವಿಕ್ 1992, 1996, 2001ರಲ್ಲಿ ಮೂರು ಸಲ ಹೊಸದಾಗಿ ಬಂದಿತ್ತು. ಗಿರಾಕಿಗೆ ಮಕ್ಕಳಾಗಿ ದೊಡ್ಡ ಕಾರು ಬೇಕಾದಾಗ ಸ್ಯಾಟರ್ನ್ ಅಂಗಡಿಯಲ್ಲಿ ತೋರಿಸಲು ಏನೂ ಇರಲಿಲ್ಲ. ಕೊನೆಗೆ ಬಂದ ದೊಡ್ಡ ಕಾರು ಎಲ್-ಸೀರೀಸ್ ಯೂರೋಪಿನ ಓಪೆಲ್ ಆಧಾರದ್ದು, ತಯಾರಾದದ್ದು ಡೆಲವೇರ್‌ನಲ್ಲಿ. 2004ರ ವ್ಯೂ ಎಂಬ ಸ್ಯಾಟರ್ನ್ ಎಸ್‌ಯುವಿಯ ವಿ6 ಮಾದರಿಗೆ ಎಂಜಿನ್ ತರಿಸಿದ್ದು ಹೋಂಡಾದಿಂದ! ಯಾರನ್ನು ಸೋಲಿಸಲು ಹುಟ್ಟಿದ ಕಂಪನಿಯೋ ಅವರ ಎಂಜಿನ್. 2003ರ ಕೊನೆಗೆ ಸ್ಪ್ರಿಂಗ್ ಹಿಲ್ ಕಾರ್ಮಿಕರು ಮತ ಹಾಕಿ ಜನರಲ್ ಮೋಟರ್ಸ್‌ನ ಉಳಿದ ಕಾರ್ಖಾನೆಗಳ ಸಾಮಾನ್ಯ ಒಪ್ಪಂದಕ್ಕೆ ಮರಳಿದರು. 2007ರಲ್ಲಿ ಅಲ್ಲಿ ಸ್ಯಾಟರ್ನ್ ತಯಾರಿಕೆಯೇ ನಿಂತಿತು. ಕೊನೆಯ ವರ್ಷಗಳ ಔರಾ, ಔಟ್‌ಲುಕ್, ಅಸ್ಟ್ರಾ ಕೆಟ್ಟ ಕಾರುಗಳಲ್ಲ. ಔರಾ 2007ರ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಪ್ಲಾಸ್ಟಿಕ್ ಬಾಗಿಲು ಹೋಯಿತು, ಸ್ವಂತ ಎಂಜಿನ್ ಹೋಯಿತು, ಸ್ವಂತ ಊರು ಹೋಯಿತು. ಸ್ಯಾಟರ್ನ್ ಪ್ಲಿಮತ್ ಆಯಿತು.

2009ರ ಜೂನ್‌ನಲ್ಲಿ ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿತು. ಕಾರು ಮಾರಾಟದ ದೊಡ್ಡ ಕಂಪನಿ ಪೆನ್ಸ್‌ಕಿ ಆಟೊಮೋಟಿವ್ ಸ್ಯಾಟರ್ನ್ ಕೊಳ್ಳುತ್ತದೆ ಅಂದಾಗ ನಾನು ನಿಜವಾಗಿ ಖುಷಿಪಟ್ಟೆ. ಮುಂದೆ ಕಾರು ತಯಾರಿಸಿ ಕೊಡುವವರು ಸಿಗದೆ ಸೆಪ್ಟೆಂಬರ್ 30ಕ್ಕೆ ಅವರೂ ಹಿಂದೆ ಸರಿದರು. ಅಲ್ಲಿಗೆ ಮುಗಿಯಿತು.

ಈ ಮೂರರಲ್ಲಿ ಯಾವುದು ಒಳ್ಳೆಯ ಕಾರು ಅಂತ ಕೇಳಿದರೆ ಸಿವಿಕ್ ಅಂತಲೇ ಹೇಳುತ್ತೇನೆ. ಮತ್ತೆ 2000ನೇ ಇಸವಿಗೆ ಹೋಗಿ ನಿಂತರೆ ಸ್ಯಾಟರ್ನನ್ನೇ ಕೊಳ್ಳುತ್ತೇನೆ. ಎರಡೂ ನಿಜ.

2009ರ ನವೆಂಬರ್‌ನಲ್ಲಿ ನನ್ನ ಎಸ್‌ಎಲ್2ನ್ನು ಸಹೋದ್ಯೋಗಿಯ ಮಗಳಿಗೆ ಕೊಟ್ಟೆ. ಕಾಲೇಜು ಹುಡುಗಿ, ಮೊದಲ ಕಾರು. ಬೆಲೆ ಒಂದೇ ಸಲ ಹೇಳಿದೆ, ಅವಳೂ ಚೌಕಾಸಿ ಮಾಡಲಿಲ್ಲ. ಡಿಪ್‌ಸ್ಟಿಕ್ ಎಲ್ಲಿದೆ ಅಂತ ತೋರಿಸಿದೆ. "ಅಂಕಲ್, ಡೋರ್ ಪ್ಲಾಸ್ಟಿಕ್ಕಾ?" ಅಂದಳು. ಒತ್ತಿ ನೋಡು ಅಂದೆ. ಎರಡೂ ಅಂಗೈ ಇಟ್ಟು ಒತ್ತಿದಳು. ಬಾಗಿಲು ಒಳಗೆ ಹೋಗಿ ಹೊರಗೆ ಬಂತು.