1915 ಸಹಾಯವಾಣಿ: ಅಂಗಡಿ ಮಾಲಿಗೆ ಸರಿ, ಸೆಕೆಂಡ್ ಹ್ಯಾಂಡ್ ಫೋನಿಗೆ ಅಲ್ಲ

ಆನ್‌ಲೈನ್ ಅಂಗಡಿಯಿಂದ ಕೆಟ್ಟ ಮಾಲು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಿಜಕ್ಕೂ ಉಪಯುಕ್ತ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬಿಲ್, ದೋಷದ ಫೋಟೊ ಕೈಯಲ್ಲಿರಲಿ. ಆದರೆ ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಕಂಪನಿ ಜಗ್ಗದಿದ್ದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಮಾಲಿನ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ.

ಈ ಸಹಾಯವಾಣಿ ಕೈಕೊಡುವುದು ಖಾಸಗಿ ಮಾರಾಟದಲ್ಲಿ. ಜಾಹೀರಾತು ನೋಡಿ ಯಾರದೋ ಹಳೆಯ ಫೋನ್ ಕೊಂಡರೆ, ಮಾರಿದವರು ವ್ಯಾಪಾರಿಯಲ್ಲ. ಆಗ ಆಸರೆ 1872ರ ಕರಾರು ಕಾಯ್ದೆ. ಅದರ 17ನೇ ಸೆಕ್ಷನ್ ಪ್ರಕಾರ ಬರೀ ಮೌನ ಸಾಮಾನ್ಯವಾಗಿ ಮೋಸವಲ್ಲ. ಗೊತ್ತಿದ್ದೂ ಹೇಳಿದ ಸುಳ್ಳು ಮೋಸ. ಹಾಗಾಗಿ ದುಡ್ಡು ಕೊಡುವ ಮುಂಚೆ ವಾಟ್ಸ್‌ಆ್ಯಪ್‌ನಲ್ಲೇ ಕೇಳಿ: "ಡಿಸ್‌ಪ್ಲೇ ಬದಲಿಸಿದ್ದೀರಾ? ನೀರಿಗೆ ಬಿದ್ದಿತ್ತಾ?" ಬರೆದು ಬಂದ "ಇಲ್ಲ" ಸಿವಿಲ್ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ. ಬಾಯಿಮಾತಿನ "ಇಲ್ಲ"ವನ್ನು ಸಾಬೀತು ಮಾಡುವುದು ಬಲು ಕಷ್ಟ.